ದುಡ್ಡು ಕಟ್ಟುವ ಮುಂಚೆ ಕೇಳು

ರಾತ್ರಿ ನಮ್ಮ ಬಳಗದ ಗುಂಪಿನಲ್ಲಿ ನೀನು ಕೇಳಿದ್ದನ್ನು ಈಗ ನೋಡಿದೆ. ನಿನ್ನ ಮಗಳು ಸಮುದ್ರ ವಿಜ್ಞಾನವೇ ಬೇಕೆಂದು ಹಟ ಹಿಡಿದಿದ್ದಾಳೆ, ಇಲ್ಲಿ ಗೋವಾದಲ್ಲಿ ಯಾರೋ ಜುಲೈ ತಿಂಗಳ ಇಂಟರ್ನ್‌ಶಿಪ್‌ಗೆ 30,000 ರೂಪಾಯಿ ಕೇಳುತ್ತಿದ್ದಾರೆ, ಪುಣೆಯಿಂದ ಕಳುಹಿಸಲೇ ಎಂದಿದ್ದೀಯ. ಯಾವ ವಿಜ್ಞಾನಿಯ ಕೈಕೆಳಗೆ, ಯಾವ ಕೆಲಸ ಎಂದು ಬರಹದಲ್ಲಿ ಕೊಡುವ ತನಕ ಒಂದು ರೂಪಾಯಿಯನ್ನೂ ಕಟ್ಟಬೇಡ.

ನಮ್ಮ ದೊಡ್ಡ ಮಗಳಿಗೆ ಆದದ್ದು ನಿಮಗೆಲ್ಲ ಗೊತ್ತಲ್ಲ. ಅವಳಿಗೂ ಹೀಗೇ ಮಳೆಗಾಲದಲ್ಲಿ ಕರೆ ಬಂದಿತ್ತು. ದೋಣಿಯಲ್ಲಿ ಸಮೀಕ್ಷೆ, ಡೈವಿಂಗ್, ಆಮೆಯ ಗೂಡು ಎಲ್ಲವೂ ಇದೆ ಎಂದಿದ್ದರು. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಮೀನು ಹಿಡಿಯುವ ಟ್ರಾಲರ್‌ಗಳೇ ಕಡಲಿಗಿಳಿಯುವಂತಿಲ್ಲ. ಆ ಅಲೆಯಲ್ಲಿ ಇವರು ಯಾವ ದೋಣಿ ಬಿಟ್ಟಾರು? ಆಮೆಗಳು ಮೊಟ್ಟೆ ಇಡಲು ಬರುವುದು ಚಳಿಗಾಲಕ್ಕೆ. ಮಗು ತಿಂಗಳಿಡೀ ಡೈವಿಂಗ್ ಉಡುಪು ತೊಳೆದು, ಗಾಳಿಯ ಸಿಲಿಂಡರ್ ಒರೆಸಿ, ಬಣ್ಣದ ಪ್ರಮಾಣಪತ್ರ ಹಿಡಿದುಕೊಂಡು ಬಂದಳು. ಅಂಗೈ ಚರ್ಮ ಸುಲಿದಿತ್ತು. ಆ ಪ್ರಮಾಣಪತ್ರವನ್ನು ಯಾವ ಸಂಸ್ಥೆಯೂ ಮೂಸಿ ನೋಡಲಿಲ್ಲ.

ಮುಂದಿನ ಚಳಿಗಾಲ ದಕ್ಷಿಣ ಗೋವಾದ ಗಾಲ್ಜಿಬಾಗ್ ತೀರದಲ್ಲಿ ಅರಣ್ಯ ಇಲಾಖೆಯವರ ಜೊತೆ ಸ್ವಯಂಸೇವಕಿಯಾಗಿ ನಿಂತಳು. ನಸುಕಿನಲ್ಲಿ ಮರಳಿನ ಮೇಲಿನ ಆಮೆಯ ಜಾಡನ್ನು ಟೇಪಿನಿಂದ ಅಳೆದು, ತಾರೀಖು, ಗೂಡು ಅಲೆಯಿಂದ ಎಷ್ಟು ದೂರ, ಎಲ್ಲವನ್ನೂ ನೋಟ್‌ಬುಕ್‌ನಲ್ಲಿ ಬರೆದಳು. ದುಡ್ಡು ಕೊಡಲೂ ಇಲ್ಲ, ಪಡೆಯಲೂ ಇಲ್ಲ. ಆಮೇಲೆ ಅವಳ ಸಂದರ್ಶನ ಮಾಡಿದವರು ತಿರುವಿ ನೋಡಿದ್ದು ಅದೇ ನೋಟ್‌ಬುಕ್ಕನ್ನು. ಅದಕ್ಕೇ ಇನ್ನೊಮ್ಮೆ ಹೇಳುತ್ತೇನೆ: ವಿಜ್ಞಾನಿಯ ಹೆಸರು, ಕೆಲಸದ ವಿವರ ಬರಹದಲ್ಲಿ ಬರದೆ ದುಡ್ಡು ಕಟ್ಟಬೇಡ.

ನಮ್ಮ ಬಳಗದ ಮೇಲೂ ನನಗೆ ಸಿಟ್ಟಿದೆ. ನಮ್ಮ ದೊಡ್ಡವಳು ಸಮುದ್ರ ವಿಜ್ಞಾನದ ಓದು ಹಿಡಿದಾಗ "ಮೀನು ಹಿಡಿಯಲು ಡಿಗ್ರಿ ಬೇಕೇ" ಎಂದವರು ಇದೇ ಗುಂಪಿನಲ್ಲಿದ್ದಾರೆ. ಡಿಸೆಂಬರ್ ಬಂತೆಂದರೆ ವಾಸ್ಕೊದ ನಮ್ಮ ಮನೆಯಲ್ಲೇ ಇಳಿದುಕೊಳ್ಳುತ್ತಾರೆ, ಬೀಚ್ ಯಾವುದು ಚೆನ್ನಾಗಿದೆ ಎಂದು ಕೇಳುತ್ತಾರೆ. ಅವಳ ಕೆಲಸವೇನು ಎಂದು ಒಬ್ಬರೂ ಕೇಳಿಲ್ಲ. ಪ್ರತಿಭಾ ಪುರಸ್ಕಾರದ ಶಾಲು ಎಂಜಿನಿಯರ್, ಡಾಕ್ಟರ್ ಮಕ್ಕಳಿಗೆ ಮಾತ್ರ. ಈ ಹುಡುಗಿಗೂ ಹಾಗೆ ಮಾಡಬೇಡಿ, ಕೈಮುಗಿದು ಕೇಳಿಕೊಳ್ಳುತ್ತೇನೆ.

ಅಯ್ಯೋ, ಹೇಳಬೇಕಾದದ್ದೇ ಉಳಿಯಿತು. ಇಲ್ಲಿ ಗೋವಾದ ಡೋನಾ ಪೌಲಾದಲ್ಲಿ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆ ಇದೆಯಲ್ಲ, ಅದರ ಕೇಂದ್ರ ಮುಂಬೈಯಲ್ಲೂ ಇದೆ. ಮುಂಬೈಯ ವರ್ಸೋವಾದಲ್ಲಿ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ ಇದೆ. ಇವುಗಳಲ್ಲಿರುವ ಒಬ್ಬ ವಿಜ್ಞಾನಿಯ ಲೇಖನವನ್ನು ನಿನ್ನ ಮಗಳು ಪೂರ್ತಿ ಓದಿ, ಅವರಿಗೇ ಬರೆಯಲಿ. ಒಂದೇ ಪತ್ರವನ್ನು ಹತ್ತು ಜನರಿಗೆ ಕಳುಹಿಸುವುದು ಬೇಡ. ಯಾವ ತಿಂಗಳು ಬಿಡುವಿದೆ ಎಂದು ತಿಳಿಸಿ, ಕಾಲೇಜಿನ ಮುಖ್ಯಸ್ಥರ ಪತ್ರವನ್ನೂ ಜೊತೆಗಿಡಲಿ. ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಎರಡು ತಿಂಗಳ ಬೇಸಿಗೆ ಫೆಲೋಶಿಪ್‌ಗೂ ಅರ್ಜಿ ಹಾಕಲಿ, ಅದರಲ್ಲಿ ಅವರೇ ದುಡ್ಡು ಕೊಡುತ್ತಾರೆ. ಪತ್ರದ ಕರಡನ್ನು ಮೊದಲು ನನಗೆ ಕಳುಹಿಸು, ದೊಡ್ಡವಳು ಭಾನುವಾರ ಮನೆಯಲ್ಲಿರುತ್ತಾಳೆ, ಓದಿ ತಿದ್ದಿಕೊಡುತ್ತಾಳೆ.