ತೋಡಿಯ ಗಾಂಧಾರ ಮೆಟ್ಟಿಲಾಗಿದೆ: ಆಟೋಟ್ಯೂನ್ ಬಳಸಿದ್ದೇ ತಪ್ಪೇ?

ಪ್ರಶ್ನೆ – ಶ್ರುತಿಪೆಟ್ಟಿಗೆ

ಮಗಳು ಹಾಡಿದ ತೋಡಿ ರಾಗದ ದೇವರನಾಮವೊಂದನ್ನು ಕಳೆದ ತಿಂಗಳು ಸ್ಟುಡಿಯೋ ಒಂದರಲ್ಲಿ ಧ್ವನಿಮುದ್ರಿಸಿದೆವು. ಶ್ರುತಿ (ಆಧಾರ ಷಡ್ಜ) ಐದೂವರೆ ಮನೆ, ಎಂದರೆ ಪಾಶ್ಚಾತ್ಯರ ಜಿ-ಶಾರ್ಪ್. ಮಿಕ್ಸ್ ಆಗಿ ಬಂದ ಪ್ರತಿಯಲ್ಲಿ ಒಂದು ಸ್ವರವೂ ಜಾರಿಲ್ಲ, ಆದರೆ ರಿಷಭಕ್ಕೂ ಮಧ್ಯಮಕ್ಕೂ ನಡುವೆ ತೂಗಾಡಬೇಕಾದ ಗಾಂಧಾರ, ಯಾರೋ ಹಾರ್ಮೋನಿಯಂ ಮನೆಗಳನ್ನು ಒಂದೊಂದಾಗಿ ಒತ್ತಿದಂತೆ ಕೇಳಿಸುತ್ತದೆ. ನಮ್ಮನ್ನು ಕೇಳದೆಯೇ ಇಡೀ ಗಾಯನವನ್ನು ಸ್ವರ ತಿದ್ದುವ ತಂತ್ರಾಂಶವಾದ ಆಟೋಟ್ಯೂನ್ ಮೂಲಕ ಹಾಯಿಸಲಾಗಿತ್ತೆಂದು ವಿಚಾರಿಸಿದ ಮೇಲೆ ತಿಳಿಯಿತು. ಇದು ತಂತ್ರಾಂಶದ ಮಿತಿಯೋ, ಬಳಸಿದ ರೀತಿಯ ದೋಷವೋ?

ಉತ್ತರ – ಮಿಕ್ಸಿಂಗ್ ಮೇಜು

ಹೆಚ್ಚಿನ ಪಾಲು ಬಳಸಿದ ರೀತಿಯದು. ತೈಲ ನಿಕ್ಷೇಪಗಳನ್ನು ಹುಡುಕಲು ನೆಲದೊಳಗಿನಿಂದ ಮರಳುವ ತರಂಗಗಳನ್ನು ವಿಶ್ಲೇಷಿಸುತ್ತಿದ್ದ ಆಂಡಿ ಹಿಲ್ಡೆಬ್ರಾಂಡ್ ಅದೇ ಬಗೆಯ ಗಣಿತವನ್ನು ಕಂಠಕ್ಕೆ ಅನ್ವಯಿಸಿ 1997ರಲ್ಲಿ ಆಟೋಟ್ಯೂನ್ ಹೊರತಂದರು. ಹಾಡುಗಾರರ ಸ್ವರ ಎಲ್ಲಿದೆಯೆಂದು ಅದು ಕ್ಷಣಕ್ಷಣಕ್ಕೂ ಅಳೆದು, ಹತ್ತಿರದ ಸ್ವರಸ್ಥಾನಕ್ಕೆ ಎಳೆಯುತ್ತದೆ. ಎಷ್ಟು ಬೇಗ ಎಳೆಯಬೇಕೆಂಬುದನ್ನು ಮಿಲಿಸೆಕೆಂಡುಗಳಲ್ಲಿ ನಿಗದಿಪಡಿಸಬಹುದು. ಸೊನ್ನೆಗೆ ಇಟ್ಟರೆ 1998ರಲ್ಲಿ ಶೆರ್ ಅವರ ‘ಬಿಲೀವ್’ ಹಾಡಿನಲ್ಲಿ ಬೇಕೆಂದೇ ತಂದ ಯಂತ್ರದನಿ ಬರುತ್ತದೆ. ನಿಮ್ಮ ಎಂಜಿನಿಯರು ಪ್ರಾಯಶಃ ವೇಗವನ್ನೂ ಹೆಚ್ಚಿಟ್ಟು, ಸ್ವರಶ್ರೇಣಿಯಲ್ಲಿ ಹನ್ನೆರಡೂ ಸ್ಥಾನಗಳನ್ನು ತೆರೆದಿಟ್ಟಿರಬೇಕು. ಹಾಗಾದಾಗ ಗಾಂಧಾರದ ಆಂದೋಲನದ ದಾರಿಯಲ್ಲಿ, ತೋಡಿಗೆ ಸಂಬಂಧವೇ ಇಲ್ಲದ ಚತುಶ್ರುತಿ ರಿಷಭ ಮತ್ತು ಅಂತರ ಗಾಂಧಾರಗಳೂ ಮೆಟ್ಟಿಲುಗಳಾಗಿ ನಿಂತುಬಿಡುತ್ತವೆ.

ತಿದ್ದಲೇಬೇಕಿದ್ದರೆ ಮೆಲೋಡೈನ್‌ನಂತಹ ತಂತ್ರಾಂಶದಲ್ಲಿ ಕೈಯಿಂದ ತಿದ್ದುವುದು ಲೇಸು. ಅಲ್ಲಿ ಸ್ವರದ ನಡುಬಿಂದುವನ್ನು ಮಾತ್ರ ಸರಿಸಿ, ಅದರ ಮೇಲಿನ ಕಂಪನವನ್ನು ಮುಟ್ಟದೆ ಬಿಡಲು ಸಾಧ್ಯ. ಕೆಲಸ ನಿಧಾನ, ಗಂಟೆಲೆಕ್ಕದಲ್ಲಿ ದುಡಿಯುವ ಸ್ಟುಡಿಯೋಗಳಿಗೆ ಅದು ರುಚಿಸುವುದಿಲ್ಲ.

ಉತ್ತರ – ಮಂದ್ರಸ್ಥಾಯಿ

ನಾನು ಪಾಠ ಹೇಳುವವಳು, ಯಂತ್ರದ ಒಳಗುಟ್ಟು ನನಗೆ ಅಷ್ಟಾಗಿ ತಿಳಿಯದು. ಆದರೆ ಹಿಂದಿನ ಉತ್ತರದಲ್ಲಿ ಶ್ರುತಿಯ ಮಾತೇ ಬರಲಿಲ್ಲ. ಈ ತಂತ್ರಾಂಶಗಳು ಸಾಮಾನ್ಯವಾಗಿ ‘ಎ’ ಸ್ವರಕ್ಕೆ 440 ಹರ್ಟ್ಸ್ ಎಂಬ ಪಾಶ್ಚಾತ್ಯ ಮಾನದಂಡವನ್ನೇ ನಂಬಿ ಹೊರಡುತ್ತವೆ, ಅದರ ಪ್ರಕಾರ ಐದೂವರೆ ಮನೆಯ ಷಡ್ಜ ಸುಮಾರು 415 ಹರ್ಟ್ಸ್. ನಿಮ್ಮ ತಂಬೂರಿ 410ಕ್ಕೆ ಕೂಡಿದ್ದರೆ, ತಂತ್ರಾಂಶವು ಮಗುವಿನ ಷಡ್ಜವನ್ನು ತಂಬೂರಿಯಿಂದ ಸುಮಾರು 22 ಸೆಂಟ್ (ಒಂದು ಸೆಂಟ್ ಅರ್ಧಸ್ವರದ ನೂರನೇ ಒಂದು ಭಾಗ) ಮೇಲಕ್ಕೆ, ಎಂದರೆ ಅರ್ಧಸ್ವರದ ಐದನೇ ಒಂದು ಭಾಗಕ್ಕಿಂತ ಹೆಚ್ಚಾಗಿ, ಎಳೆದು ‘ಸರಿ’ ಮಾಡಿರುತ್ತದೆ! ಆಮೇಲೆ ತಂಬೂರಿಯೇ ತಪ್ಪಾಗಿ ಕೇಳಿಸುತ್ತದೆ. ಅದಲ್ಲದೆ, ಚೆನ್ನಾಗಿ ಶ್ರುತಿಯಾದ ತಂಬೂರಿಯಲ್ಲಿ ತಾನಾಗಿ ಹುಟ್ಟುವ ಅಂತರ ಗಾಂಧಾರ ಷಡ್ಜದಿಂದ 386 ಸೆಂಟ್‌ನಷ್ಟು ಮೇಲಿದ್ದರೆ, ಕೀಬೋರ್ಡಿನದು 400. ನಮ್ಮ ಕಿವಿಗೆ ಮೊದಲನೆಯದೇ ಶುದ್ಧ.

ಉತ್ತರ – ಹಳೆಯ ಟೇಪು

ತಿದ್ದುವುದೇ ಪಾಪವೆಂಬ ಮಾತನ್ನು ನಾನು ಒಪ್ಪುವುದಿಲ್ಲ. ಟೇಪನ್ನು ಕತ್ತರಿಸಿ ಅಂಟಿಸುತ್ತಿದ್ದ ಕಾಲದಲ್ಲಿಯೂ ಚರಣದ ಒಳ್ಳೆಯ ಸಾಲನ್ನು ಇನ್ನೊಂದು ಟೇಕ್‌ನಿಂದ ತಂದು ಸೇರಿಸುತ್ತಿದ್ದರು. ಭಾವ ತುಂಬಿ ಬಂದ ಸಾಲಿನಲ್ಲಿ ಒಂದು ದೀರ್ಘ ಪಂಚಮ ಸ್ವಲ್ಪ ಕುಸಿದಿದ್ದರೆ, ದಣಿದ ಕಂಠದಿಂದ ಇಪ್ಪತ್ತನೆಯ ಬಾರಿ ಹಾಡಿಸುವುದಕ್ಕಿಂತ ಆ ಪಂಚಮವೊಂದನ್ನು ತಿದ್ದುವುದೇ ಹಾಡಿಗೆ ಒಳ್ಳೆಯದು. ಮೊದಲು ಸಂಸ್ಕರಿಸದ ಮೂಲ ಟ್ರ್ಯಾಕನ್ನು ಕೇಳಿ ಪಡೆದುಕೊಳ್ಳಿ. ಅದರಲ್ಲಿ ತಂಬೂರಿಯ ನಾದ ಮೈಕಿಗೆ ನುಸುಳಿದ್ದರೆ, ಒಂಟಿದನಿಯನ್ನಷ್ಟೇ ಅಳೆಯಬಲ್ಲ ತಂತ್ರಾಂಶ ದಾರಿ ತಪ್ಪುವುದು ಸಹಜ.

ಮರುನುಡಿ – ಶ್ರುತಿಪೆಟ್ಟಿಗೆ

ಮೂಲ ಟ್ರ್ಯಾಕ್ ಇಂದು ಕೈಸೇರಿತು. ಗಾಂಧಾರ ಸರಿಯಾಗಿಯೇ ತೂಗಾಡುತ್ತಿದೆ, ಎರಡನೆಯ ಚರಣದ ಕೊನೆಯ ಪಂಚಮ ಮಾತ್ರ ನಿಜಕ್ಕೂ ಇಳಿದಿದೆ. ಆ ಸಾಲನ್ನು ಭಾನುವಾರ ಮತ್ತೆ ಹಾಡಿಸುತ್ತೇವೆ, ತಂಬೂರಿಯನ್ನು ಈ ಸಲ ಹೆಡ್‌ಫೋನಿನಲ್ಲಿ ಕೇಳಿಸಿಕೊಂಡು.