ಮನೆ ಕಟ್ಟುವವರ ಬಳಗ: ಎಂಜಿನಿಯರ್ ಮೇಡಂ ಅವರಿಗೆ ಪ್ರಶ್ನೆಗಳು

ಮೊದಲ ಮನೆ: ನಮಸ್ಕಾರ ಮೇಡಂ. ಕೆಲಸದವರು ಪ್ಲಿಂತ್, ಲಿಂಟಲ್ ಎನ್ನುತ್ತಿರುತ್ತಾರೆ. ನಾನು ಸುಮ್ಮನೆ ತಲೆಯಾಡಿಸುತ್ತೇನೆ. ಏನವು?

ಎಂಜಿನಿಯರ್: ನಮಸ್ಕಾರ. ಹೊರಗಿನ ನೆಲಮಟ್ಟದಿಂದ ಮನೆಯೊಳಗಿನ ನೆಲದವರೆಗೆ ಎದ್ದಿರುವ ಭಾಗ ಪ್ಲಿಂತ್. ಅದರ ಕೆಳಗೆ, ಮಣ್ಣಿನೊಳಗೆ ಇರುವುದು ಪಾಯ. ಬಾಗಿಲು, ಕಿಟಕಿಗಳ ತಲೆಯ ಮೇಲೆ ಕುಳಿತು, ಮೇಲಿನ ಗೋಡೆಯ ಭಾರವನ್ನು ಎರಡೂ ಪಕ್ಕಕ್ಕೆ ದಾಟಿಸುವ ಅಡ್ಡ ತೊಲೆ ಲಿಂಟಲ್. ಇನ್ನು ಮುಂದೆ ತಿಳಿದೇ ತಲೆಯಾಡಿಸಬಹುದು.

ಅಳತೆಗಾರ: ಕಾರ್ಪೆಟ್ ಏರಿಯಾಕ್ಕೂ ಬಿಲ್ಟ್‌ಅಪ್ ಏರಿಯಾಕ್ಕೂ ಏನು ವ್ಯತ್ಯಾಸ?

ಎಂಜಿನಿಯರ್: ಗೋಡೆಗಳ ನಡುವೆ ಬಳಸಲು ಸಿಗುವ ನೆಲ ಮೊದಲನೆಯದು. ಗೋಡೆಗಳ ದಪ್ಪವೂ ಸೇರಿದರೆ ಎರಡನೆಯದು. ಬಾಲ್ಕನಿಯನ್ನು ಯಾವುದಕ್ಕೆ ಸೇರಿಸಿದ್ದಾರೆ ಎಂದು ಒಪ್ಪಂದದಲ್ಲಿ ನೋಡಿಕೊಳ್ಳಿ.

ನೀರಿನ ಚಿಂತೆ: ಸ್ನಾನದ ಮನೆಯ ಸಂಕನ್ ಸ್ಲ್ಯಾಬ್, ಅಂದರೆ ಪೈಪುಗಳಿಗಾಗಿ ತಗ್ಗಿಸಿ ಹಾಕುವ ಕಾಂಕ್ರೀಟ್ ನೆಲ, ಎಷ್ಟು ಇಳಿಸಬೇಕು ಮೇಡಂ?

ಮಹಡಿಯವ: ನಕ್ಷೆಯಲ್ಲಿ ನಮ್ಮ ಬಾಲ್ಕನಿಗೆ 'ಕ್ಯಾಂಟಿಲಿವರ್' ಎಂದು ಬರೆದಿದೆ. ಅರ್ಥವೇನು? ಕಾಂಕ್ರೀಟ್ ಹಾಕಿ ಎಂಟು ದಿನವಾಯಿತು, ನಾಳೆ ಸೆಂಟ್ರಿಂಗ್, ಅಂದರೆ ಕೆಳಗಿಟ್ಟ ಹಲಗೆ, ಆಸರೆ ಕಂಬ ಎಲ್ಲ ಬಿಚ್ಚುತ್ತಾರೆ. ಕಾಂಕ್ರೀಟಿಗೆ ಮುಂಚೆ ತೆಗೆದ ಚಿತ್ರ ಹಾಕಿದ್ದೇನೆ.

ಎಂಜಿನಿಯರ್: ಅರ್ಥ ಆಮೇಲೆ ಹೇಳುತ್ತೇನೆ. ಚಿತ್ರದಲ್ಲಿ ಕಂಬಿಗಳೆಲ್ಲ ಹಲಗೆಗೆ ಅಂಟಿದಂತೆ ಮಲಗಿವೆ. ಆಮೇಲೆ ಮೇಲಕ್ಕೆತ್ತಿ ಕಟ್ಟಿದರೇ?

ಮಹಡಿಯವ: ಇಲ್ಲ. ಕಂಬಿ ಹಲಗೆಗೆ ತಾಗದಂತೆ ಕೆಳಗೆ ಕವರ್ ಬ್ಲಾಕ್ ಎಂಬ ಚಿಕ್ಕ ತುಂಡುಗಳನ್ನು ಇಟ್ಟಿದ್ದರು, ಅಷ್ಟೇ. ಒಳಗಿನ ಕೋಣೆಯ ಸ್ಲ್ಯಾಬಿನಲ್ಲೂ ಹೀಗೆಯೇ ಇದೆ ಎಂದರು.

ಎಂಜಿನಿಯರ್: ಕೋಣೆಯದು ಬೇರೆ, ಇದು ಬೇರೆ. ಎರಡು ಕಡೆ ಗೋಡೆಯ ಮೇಲೆ ಕುಳಿತ ಸ್ಲ್ಯಾಬ್ ಭಾರಕ್ಕೆ ನಡುವೆ ತಗ್ಗುತ್ತದೆ, ಅಲ್ಲಿ ಎಳೆತ ಬೀಳುವುದು ಅಡಿಯಲ್ಲಿ. ಆದ್ದರಿಂದ ಕಂಬಿ ಅಡಿಯಲ್ಲಿರುತ್ತದೆ. ಕ್ಯಾಂಟಿಲಿವರ್ ಎಂದರೆ ಒಂದೇ ಕಡೆ ಹಿಡಿತವಿದ್ದು ಇನ್ನೊಂದು ತುದಿ ಗಾಳಿಯಲ್ಲಿರುವುದು. ನಿಮ್ಮ ತೋಳನ್ನು ಮುಂದಕ್ಕೆ ಚಾಚಿ ಕೈಯಲ್ಲಿ ಕೊಡ ಹಿಡಿಯಿರಿ, ನೋವು ಭುಜದ ಮೇಲ್ಭಾಗದಲ್ಲಿ ಬರುತ್ತದೆ. ಇಲ್ಲಿಯೂ ಎಳೆತ ಮೇಲೆಯೇ. ಕಾಂಕ್ರೀಟ್ ಒತ್ತುವ ಭಾರವನ್ನು ಚೆನ್ನಾಗಿ ತಾಳುತ್ತದೆ, ಎಳೆತವನ್ನು ಅದರ ಹತ್ತನೆಯ ಒಂದು ಪಾಲಿನಷ್ಟು ಮಾತ್ರ. ಆ ಕೊರತೆ ತುಂಬುವುದಕ್ಕೇ ಕಬ್ಬಿಣ. ಹಾಗಾಗಿ ಮುಖ್ಯ ಕಂಬಿಗಳು ಮೇಲ್ಪದರದಲ್ಲಿದ್ದು, ಒಳಗಿನ ಸ್ಲ್ಯಾಬಿನೊಳಕ್ಕೆ ಸಾಕಷ್ಟು ದೂರ ಹೋಗಿರಬೇಕು. ಅವು ತಗ್ಗದಂತೆ ಕೆಳಗೆ 'ಚೇರ್' ಎಂಬ ಬಗ್ಗಿಸಿದ ಕಂಬಿ ಇಡುತ್ತಾರೆ. ನಿಮ್ಮ ಚಿತ್ರದಲ್ಲಿ ಒಂದೂ ಇಲ್ಲ.

ಆಸರೆ ಕಂಬ ತೆಗೆಯಬೇಡಿ. ಇಂಥ ಬಾಲ್ಕನಿ ಬಾಗಿ ಎಚ್ಚರಿಕೆ ಕೊಟ್ಟು ಬೀಳುವುದಿಲ್ಲ, ಬುಡದಲ್ಲಿ ಮುರಿದು ಒಮ್ಮೆಲೇ ಬೀಳುತ್ತದೆ. ನಕ್ಷೆ ಮಾಡಿದ ಸ್ಟ್ರಕ್ಚರಲ್ ಎಂಜಿನಿಯರ್ ಅವರನ್ನು ಇವತ್ತೇ ಕರೆಸಿ. ಒಡೆಯದೆಯೇ ಕಂಬಿ ಎಲ್ಲಿದೆ ಎಂದು ಹುಡುಕುವ ಉಪಕರಣವಿದೆ.

ಮೊದಲ ಮನೆ: 28 ದಿನ ಬಿಟ್ಟು ಬಿಚ್ಚಿದರೆ ಸರಿಹೋಗುವುದಿಲ್ಲವೇ?

ಎಂಜಿನಿಯರ್: 28 ದಿನ ಕಾದರೆ ಕಾಂಕ್ರೀಟ್ ಗಟ್ಟಿಯಾಗುತ್ತದೆ. ಕಂಬಿ ಎದ್ದು ಮೇಲೆ ಬರುವುದಿಲ್ಲ.

ಮೇಸ್ತ್ರಿಯ ಮಗ: ನಮ್ಮ ತಂದೆ ನಲವತ್ತು ವರ್ಷ ಮನೆ ಕಟ್ಟಿದ್ದಾರೆ, ಒಂದೂ ಬಿದ್ದಿಲ್ಲ. ಚಿತ್ರ ನೋಡಿ ಜನರನ್ನು ಹೆದರಿಸುವುದು ಸುಲಭ.

ಅಳತೆಗಾರ: ನಿಮ್ಮ ತಂದೆಯವರು ಬಾಲ್ಕನಿಯ ಕಂಬಿಯನ್ನು ಎಲ್ಲಿ ಇಡುತ್ತಿದ್ದರು?

ಮೇಸ್ತ್ರಿಯ ಮಗ: ಮೇಲೆ.

ಅಳತೆಗಾರ: ಮತ್ತೆ ಜಗಳ ಯಾತಕ್ಕೆ?

ಮೇಸ್ತ್ರಿಯ ಮಗ: ಮಾತಾಡುವ ಧಾಟಿಗೆ. ಕೈ ಕೆಸರು ಮಾಡಿಕೊಳ್ಳದವರು ಮೇಸ್ತ್ರಿಗಳನ್ನು ಹೀಗಳೆಯುವುದು ಈ ಬಳಗದಲ್ಲಿ ಹೊಸದೇನಲ್ಲ.

ಹಂಚುವವ: ಎಲ್ಲರಿಗೂ ಉಪಯುಕ್ತ ಮಾಹಿತಿ, ಬಂದದ್ದನ್ನು ಹಾಗೇ ಕಳುಹಿಸಿದ್ದೇನೆ: 'ಕಾಂಕ್ರೀಟಿಗೆ ಸಕ್ಕರೆ ನೀರು ಬೆರೆಸಿದರೆ ಬಿರುಕು ಬಿಡುವುದಿಲ್ಲ. ಹಾಕಿದ ಮೇಲೆ ಎರಡು ದಿನ ಬಿಸಿಲಿಗೆ ಒಣಗಲು ಬಿಡಿ.'

ಎಂಜಿನಿಯರ್: ಎರಡೂ ತಪ್ಪು. ಸಿಮೆಂಟಿನ ತೂಕದ ಸಾವಿರದಲ್ಲಿ ಒಂದು ಪಾಲು ಸಕ್ಕರೆ ಸೇರಿದರೂ ಗಟ್ಟಿಯಾಗುವುದು ಗಂಟೆಗಟ್ಟಲೆ ತಡವಾಗುತ್ತದೆ. ಕಾಂಕ್ರೀಟ್ ಒಣಗಿ ಗಟ್ಟಿಯಾಗುವ ವಸ್ತುವೂ ಅಲ್ಲ, ಸಿಮೆಂಟು ನೀರಿನೊಡನೆ ಕೂಡಿ ಗಟ್ಟಿಯಾಗುತ್ತದೆ. ಆ ನೀರು ಆರದಂತೆ ಕನಿಷ್ಠ ಏಳು ದಿನ ಒದ್ದೆ ಇಡುವುದಕ್ಕೇ ಕ್ಯೂರಿಂಗ್ ಎನ್ನುವುದು. ಇದೇ ಸಂದೇಶಕ್ಕೆ ಈ ತಿಂಗಳಲ್ಲಿ ಮೂರನೇ ಸಲ ಉತ್ತರಿಸುತ್ತಿದ್ದೇನೆ. ಕಳುಹಿಸುವ ಮೊದಲು ಒಮ್ಮೆ ಓದಿ.

ಹಂಚುವವ: ನನಗೆ ಬಂದದ್ದನ್ನು ಕಳುಹಿಸಿದೆ. ಸಿಟ್ಟೇಕೆ?

ನೀರಿನ ಚಿಂತೆ: ಸಂಕನ್ ಸ್ಲ್ಯಾಬ್ ಮೇಡಂ?

ಹೊಸ ಸದಸ್ಯೆ: ಪ್ಲಿಂತ್ ಎಂದರೆ ಪಾಯವೇ ತಾನೇ?

ಎಂಜಿನಿಯರ್: ಅಲ್ಲ. ಮೊದಲ ಉತ್ತರ ಓದಿ.

ಮೇಸ್ತ್ರಿಯ ಮಗ: ನೋಡಿ, ಇದನ್ನೇ ಧಾಟಿ ಎಂದದ್ದು.

ಅಳತೆಗಾರ: ಹೊಸಬರು ಮೇಲೆ ಕಣ್ಣಾಡಿಸದಿದ್ದರೆ ಮೇಡಂ ಏನು ಮಾಡಬೇಕು?

ಹೊಸ ಸದಸ್ಯೆ: ನಾನು ನಿಮ್ಮನ್ನು ಕೇಳಲಿಲ್ಲ.

ಎಂಜಿನಿಯರ್: ಮಹಡಿಯವರೇ, ಆಸರೆ ಕಂಬಗಳು ಇವೆಯೇ?

ಮಹಡಿಯವ: ಇವೆ. ನಕ್ಷೆ ಮಾಡಿದ ಎಂಜಿನಿಯರ್ ಸಂಜೆ ಬರುತ್ತಾರಂತೆ. ಹಲಗೆಯ ಮಾಲೀಕರು ಬಾಡಿಗೆ ದಿನ ಮುಗಿಯಿತು ಎಂದು ಗೇಟಿನ ಹತ್ತಿರ ಕೂಗಾಡುತ್ತಿದ್ದಾರೆ. ಪ್ಯಾರಾಪೆಟ್ ಗೋಡೆಗೆಂದು ಇಟ್ಟಿಗೆಗಳನ್ನೂ ಬಾಲ್ಕನಿಯ ತುದಿಯಲ್ಲಿ ಪೇರಿಸಿದ್ದಾರೆ.

ಎಂಜಿನಿಯರ್: ಬಾಡಿಗೆ ಇನ್ನೂ ಕೆಲವು ದಿನ ಕೊಡಿ. ಆಸರೆಯನ್ನು ಅಲುಗಿಸದೆ, ಕೆಳಗೆ ಯಾರೂ ನಿಲ್ಲದಂತೆ ನೋಡಿಕೊಂಡು ಇಟ್ಟಿಗೆ ಒಳಗೆ ಸಾಗಿಸಿ. ಈಗಲೇ.