ಅಪ್‌ಡೇಟ್: ಹಳೆಯ ಬಾಸ್‌ಮನ್‌ನ ಗುಂಯ್‌ಗುಡುವಿಕೆ ನಿಂತಿತು

1960ರ ದಶಕದ ನನ್ನ ಫೆಂಡರ್ ಬಾಸ್‌ಮನ್ ಆಂಪ್ಲಿಫೈಯರ್ ಸದಾ ಗುಂಯ್‌ಗುಡುತ್ತಿದ್ದುದರಿಂದ ವಾಲ್ವ್‌ಗಳನ್ನು (ಸದ್ದನ್ನು ವರ್ಧಿಸುವ ಗಾಜಿನ ನಳಿಗೆಗಳನ್ನು) ಬದಲಿಸಬೇಕೇ ಎಂದು ಕಳೆದ ತಿಂಗಳು ಕೇಳಿದ್ದೆ. ವಾಲ್ಯೂಮನ್ನು ಸೊನ್ನೆಗಿಳಿಸಿದರೂ ಸದ್ದು ಉಳಿದಿತ್ತು. ಅದೂ ಮನೆಯ ವಿದ್ಯುತ್ತಿನ 50ರ ಬದಲು, ಅದನ್ನು ಡಿಸಿಗೆ ಬದಲಿಸಿದಾಗ ಉಳಿಯುವ ಏರಿಳಿತದ 100 ಹರ್ಟ್ಸ್‌ನಲ್ಲಿದ್ದುದರಿಂದ, ಆ ಏರಿಳಿತವನ್ನು ಸಮಗೊಳಿಸಬೇಕಾದ, ಆದರೆ ವಯಸ್ಸಾಗಿ ಒಣಗಿದ ಫಿಲ್ಟರ್ ಕೆಪಾಸಿಟರ್‌ಗಳ ಮೇಲೆ ಅನುಮಾನ ಬಂತು. ತಗಡಿನ ಮುಚ್ಚಳ ತೆಗೆದಾಗ ಒಂದರ ತುದಿ ಉಬ್ಬಿ, ಕಂದು ಬಣ್ಣದ ಅಂಟು ಒಸರಿ ಗಟ್ಟಿಯಾಗಿತ್ತು. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ 400 ವೋಲ್ಟ್‌ನಷ್ಟು ವಿದ್ಯುತ್ ಉಳಿದಿರಬಹುದಾದ ಕಾರಣ, ಅನುಭವಿ ತಂತ್ರಜ್ಞರೊಬ್ಬರು ರೆಸಿಸ್ಟರ್ ಮೂಲಕ ಅದನ್ನು ಬರಿದು ಮಾಡಿ, ಮೀಟರ್ ಸೊನ್ನೆ ತೋರಿಸಿದ ನಂತರವೇ ಕೈಹಾಕಿ ಎಲ್ಲವನ್ನೂ ಬದಲಿಸಿದರು. ಎರಡು ಪಿನ್ನಿನ ಕೇಬಲ್ಲಿನ ಜಾಗದಲ್ಲಿ ಅರ್ಥ್ ಇರುವ ಮೂರು ಪಿನ್ನಿನದನ್ನೂ ಹಾಕಿಸಿದೆ. ಮೂಲರೂಪ ಕೆಟ್ಟಿತೆಂದು ಸಂಗ್ರಾಹಕರು ಗೊಣಗಬಹುದು, ಆದರೆ ಅರ್ಥ್ ಇಲ್ಲದಿದ್ದರೆ ಶಾಕ್ ಹೊಡೆಯಬಹುದಾದ ಬಾಸ್ ಗಿಟಾರ್‌ನ ತಂತಿ ಮುಟ್ಟುವವನು ನಾನು. ವಾಲ್ವ್‌ಗಳು ಹಳೆಯವೇ ಇವೆ. ಕಳಚಿದ ಭಾಗಗಳನ್ನು ಲಕೋಟೆಯೊಂದರಲ್ಲಿ ಜೋಪಾನವಾಗಿಟ್ಟಿದ್ದೇನೆ.